ಅಪ್‌ಡೇಟ್: ರೇಸ್‌ನ ಕೊನೆಯವರೆಗೆ ಕಸುವು ಉಳಿಸಿಕೊಳ್ಳುವ ಬಗ್ಗೆ

ಹವ್ಯಾಸಿ ರಸ್ತೆ ಸೈಕಲ್ ರೇಸ್‌ಗಳಲ್ಲಿ ಕೊನೆಯ ಕೆಲವು ಕಿಲೋಮೀಟರ್‌ಗಳಿಗೆ ಕಾಲಿನಲ್ಲಿ ಕಸುವು ಉಳಿಯಬೇಕಾದರೆ ಏನು ಮಾಡಬೇಕೆಂದು ಹಿಂದೆ ಕೇಳಿದ್ದೆ. ಗಾಳಿಗೆ ಎದೆಯೊಡ್ಡದೆ ಗುಂಪಿನ ಮುಂಭಾಗದಲ್ಲೇ ಮರೆಯಲ್ಲಿರಿ ಎಂದು ಹಲವರು ತಿಳಿಸಿದ್ದಿರಿ. ದೇವನಹಳ್ಳಿ ಕಡೆಯ ರಸ್ತೆಗಳಲ್ಲಿ ಅದನ್ನೇ ಅಭ್ಯಾಸ ಮಾಡಿ, ಈ ಸಲದ ರೇಸನ್ನು ಮುಂಚೂಣಿಯ ಗುಂಪಿನೊಂದಿಗೇ ಮುಗಿಸಿದೆ ಎಂದು ತಿಳಿಸಲು ತುಂಬಾ ಸಂತೋಷವಾಗುತ್ತಿದೆ.

ಗಾಳಿಯನ್ನು ಸೀಳಲು ಬೇಕಾದ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಮುಂದಿನವರ ಚಕ್ರಕ್ಕೆ ಹತ್ತಿರವಿದ್ದರೆ ಸುಮಾರು ಕಾಲುಭಾಗದಷ್ಟು ಶ್ರಮ ಉಳಿಯುತ್ತದೆ. ಆದರೆ ನನಗೆ ಹೆಚ್ಚು ನೆರವಾದದ್ದು ಅಡ್ಡಗಾಳಿಯ ಕುರಿತ ಸಲಹೆ. ಮುಂಗಾರಿನಲ್ಲಿ ನಮ್ಮ ಕಡೆ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ. ದಕ್ಷಿಣಕ್ಕೆ, ಅಂದರೆ ಬೆಂಗಳೂರಿನತ್ತ ತಿರುಗಿದೊಡನೆ ಅದು ಬಲಗಡೆಯಿಂದ ಬಡಿಯುವುದರಿಂದ, ಮುಂದಿನವರ ನೇರ ಹಿಂದೆ ಅಲ್ಲದೆ ಸ್ವಲ್ಪ ಎಡಕ್ಕೆ ಸರಿದು ತುಳಿದರೆ ಮಾತ್ರ ಮರೆ ಸಿಗುತ್ತದೆ. ಮುಂದಿನವರೇ ರಸ್ತೆಯ ಎಡ ಅಂಚಿಗೆ ಸರಿದುಬಿಟ್ಟರೆ ಹಿಂದಿನವರಿಗೆ ಜಾಗವಿಲ್ಲದೆ ಸಾಲು ಅಲ್ಲಿಯೇ ಕಡಿದುಹೋಗುತ್ತದೆ. ಈ ರೇಸ್‌ನಲ್ಲೂ ಹಾಗೆಯೇ ಆಯಿತು. ತಿರುವಿಗೆ ಮೊದಲೇ ಮುಂದೆ ಸೇರಿಕೊಂಡಿದ್ದರಿಂದ ನಾನು ಉಳಿದುಕೊಂಡೆ.

ನಂದಿ ಬೆಟ್ಟದಂಥ ಕಡಿದಾದ ಏರಿನಲ್ಲಿ ವೇಗವೇ ತಗ್ಗುವುದರಿಂದ ಈ ಲಾಭ ಬಹಳ ಕಡಿಮೆ. ಏರಿನ ಬುಡವನ್ನು ಗುಂಪಿನ ಮುಂದಿನ ಸಾಲಿನಲ್ಲಿ ತಲುಪಿ, ತನ್ನದೇ ಗತಿಯಲ್ಲಿ ಹತ್ತುತ್ತಾ ಕ್ರಮೇಣ ಹಿಂದೆ ಸರಿದರೂ ಗುಂಪು ಕೈತಪ್ಪುವುದಿಲ್ಲ ಎಂದಿದ್ದ ಹಿರಿಯರ ಮಾತು, ಚಿಕ್ಕ ಏರುಗಳ ಮಟ್ಟಿಗೆ ಅಕ್ಷರಶಃ ನಿಜವೆಂದು ಈಗ ಹೇಳಬಲ್ಲೆ.

ವಾಹನ ಸಂಚಾರವಿರುವ ರಸ್ತೆಯಲ್ಲಿ ಅಭ್ಯಾಸ ಮಾಡುವವರು ಚಕ್ರಗಳ ನಡುವೆ ಹೆಚ್ಚಿನ ಅಂತರ ಬಿಡಬೇಕೆಂದು, ಉತ್ತರಿಸಿದ ಎಲ್ಲರಿಗೂ ಕೃತಜ್ಞತೆ ಸಲ್ಲಿಸುತ್ತಾ, ಕೋರುತ್ತೇನೆ.