ಅಡಿಕೆ ಸಿಪ್ಪೆ ಎಣ್ಣೆ: ಮೂರನೇ ಸಲಕ್ಕೇ ಜಿಯೋಲೈಟ್ ಕೈಕೊಟ್ಟಿದೆ

ಸಿಪ್ಪೆರಾಶಿ, ತೀರ್ಥಹಳ್ಳಿ
ಕೊನೇ ವರ್ಷದ ಪ್ರಾಜೆಕ್ಟ್. ನಮ್ಮ ಕಡೆ ರಸ್ತೆ ಬದಿ ಕೊಳೆಯುವ ಅಡಿಕೆ ಸಿಪ್ಪೆಯನ್ನು ಒಣಗಿಸಿ ಪುಡಿ ಮಾಡಿ, ಎಚ್-ಜೆಡ್‌ಎಸ್‌ಎಂ-5 (ಸಣ್ಣ ರಂಧ್ರಗಳಿರುವ ಜಿಯೋಲೈಟ್ ಎಂಬ ವೇಗವರ್ಧಕ ಪುಡಿ) ಜೊತೆ ಬೆರೆಸಿ, ಸ್ಟೀಲ್ ಟ್ಯೂಬಿನಲ್ಲಿ ನೈಟ್ರೋಜನ್ ಬಿಟ್ಟು 500 ಡಿಗ್ರಿಗೆ ಕಾಯಿಸುತ್ತೇನೆ. ಆಮೇಲೆ ಗಾಳಿಯಲ್ಲಿ 550 ಡಿಗ್ರಿಗೆ ಸುಟ್ಟು, ಇದ್ದಿಲು ಹೋದ ಮೇಲೆ ಅದೇ ಜಿಯೋಲೈಟ್ ಪುಡಿಯನ್ನು ಮತ್ತೆ ಬಳಸುತ್ತೇನೆ. ಮೊದಲೆರಡು ಸಲ ನೀರಿನ ಮೇಲೆ ತೆಳು ಎಣ್ಣೆ ತೇಲಿತ್ತು, ಪೆಟ್ರೋಲ್ ಬಂಕಿನ ವಾಸನೆ. ಈಗ ಬರೀ ಕಂದು ಹುಳಿ ನೀರು, ಡಾಂಬರು. ಪುಡಿ ಬೆಳ್ಳಗೇ ಇದೆಯಲ್ಲ, ಮತ್ತೇನಾಯ್ತು?

ಕುಲುಮೆ
ಬೆರೆಸಿದ್ದೇ ತಪ್ಪು ಮಾರಾಯ್ರೆ. ಜೆಡ್‌ಎಸ್‌ಎಂ-5ರ ರಂಧ್ರ ಸುಮಾರು 0.55 ನ್ಯಾನೋಮೀಟರ್. ಒಳಗೆ ಹೋದ ಆವಿಯಿಂದ ಆಕ್ಸಿಜನ್ ಕಿತ್ತು, ಟಾಲ್ವೀನ್, ಜೈಲೀನ್ (ನಿಮ್ಮ ಬಂಕಿನ ವಾಸನೆಯ ಎಣ್ಣೆ) ಮಾಡಿ ಕಳಿಸುವುದು ಅಲ್ಲಿರುವ ಆಮ್ಲದ ಜಾಗಗಳು. ಕಪ್ಪು ಬಣ್ಣ ಕೋಕ್‌ನದು, ಅಂದರೆ ಪುಡಿಗೆ ಮೆತ್ತುವ ಇಂಗಾಲದ್ದು, ಅದು ಸುಟ್ಟರೆ ಹೋಗುತ್ತದೆ. ಸಿಪ್ಪೆಯ ಪೊಟ್ಯಾಶಿಯಂ ಸುಟ್ಟರೆ ಹೋಗಲ್ಲ. ಬೂದಿಯಲ್ಲೇ ಉಳಿದು, ಆ ಆಮ್ಲದ ಜಾಗಗಳಲ್ಲಿ ಹೈಡ್ರೋಜನ್ ಕೂತಿದ್ದ ಕಡೆ ತಾನು ಕೂರುತ್ತದೆ. ಬೆಳ್ಳಗಿದೆ ಅಂತ ನಂಬಬೇಡಿ. ತೂಕ ನೋಡಿದ್ರಾ?

ಸಿಪ್ಪೆರಾಶಿ
10 ಗ್ರಾಂ ಹಾಕಿದ್ದು 10.9 ಆಗಿದೆ ಅಣ್ಣ! ಅಷ್ಟೂ ಬೂದಿಯಾ?

ಜಡಿಮಳೆ, ಸಾಗರ
ತೂಗಿದ್ದು ಎಲ್ಲಿ? ಈ ಜುಲೈಯಲ್ಲಿ ತೆರೆದಿಟ್ಟ ಹಪ್ಪಳದ ಹಾಗೆ ಜಿಯೋಲೈಟ್ ಕೂಡ ಗಾಳಿಯ ತೇವ ಕುಡಿಯುತ್ತದೆ. ಡೆಸಿಕೇಟರಿನಲ್ಲಿ (ತೇವ ಹೀರುವ ಪುಡಿ ಇಟ್ಟ ಮುಚ್ಚಿದ ಪಾತ್ರೆ) ಆರಿಸಿ ತಕ್ಷಣ ತೂಗಿ.

ಕುಲುಮೆ
ಸರಿ, ಅದು ನನಗೆ ಹೊಳೆಯಲಿಲ್ಲ. ಇನ್ನು ಮುಂದೆ ಟ್ಯೂಬಿನಲ್ಲಿ ಮೊದಲು ಸಿಪ್ಪೆ, ನಡುವೆ ಕ್ವಾರ್ಟ್ಜ್ ಉಲ್ಲನ್, ಆಚೆ ಜಿಯೋಲೈಟ್. ಆವಿ ಮಾತ್ರ ದಾಟಬೇಕು. ಸಿಪ್ಪೆಯನ್ನು ಬಿಸಿನೀರಲ್ಲಿ ತೊಳೆದರೆ ಪೊಟ್ಯಾಶಿಯಂ ಬಹಳಷ್ಟು ಮೊದಲೇ ಹೋಗುತ್ತದೆ. ಹಳೇ ಪುಡಿ ಎಸೆಯಬೇಡಿ. ಅಮೋನಿಯಂ ಕ್ಲೋರೈಡ್, ಅಂದರೆ ಕಲಾಯಿಯವರ ನವಸಾಗರ, ಆದರೆ ಲ್ಯಾಬಿನ ಶುದ್ಧದ್ದು. ಅದರ ದ್ರಾವಣದಲ್ಲಿ 80 ಡಿಗ್ರಿಯಲ್ಲಿ ಕಲಕಿ, ಚೆನ್ನಾಗಿ ತೊಳೆದು, ಒಣಗಿಸಿ, 550ಕ್ಕೆ ನಿಧಾನ ಕಾಯಿಸಿ. ದ್ರಾವಣದಲ್ಲಿ ಪೊಟ್ಯಾಶಿಯಂ ಜಾಗಕ್ಕೆ ಅಮೋನಿಯಂ ಬರುತ್ತದೆ, ಕಾಯಿಸಿದಾಗ ಅಮೋನಿಯ ಹಾರಿ ಹೈಡ್ರೋಜನ್ ಉಳಿಯುತ್ತದೆ. ಸುಡುವಾಗ ಬಿಸಿ ಮಿತಿಮೀರಿ, ಹಬೆಗೆ ಜಿಯೋಲೈಟಿನ ಚೌಕಟ್ಟಿನಿಂದ ಅಲ್ಯೂಮಿನಿಯಂ ಕಿತ್ತು ಹೋಗಿದ್ದರೆ ಮಾತ್ರ ಇದರಿಂದ ಸರಿಯಾಗಲ್ಲ. ಹಾಂ, ಆ ಬಂಕಿನ ವಾಸನೆ ಮೂಸಬೇಡಿ, ಅದರಲ್ಲಿ ಬೆಂಜೀನ್ ಇರುತ್ತದೆ.

ಸಿಪ್ಪೆರಾಶಿ
ಡೆಸಿಕೇಟರಿಂದ ತೆಗೆದು ತೂಗಿದೆ: 10.3. ಮಿಕ್ಕಿದ್ದೆಲ್ಲ ಮಳೆ! ಹೊಸ ಪುಡಿ ಹಾಕಿ, ತೊಳೆದ ಸಿಪ್ಪೆ ಬೇರೆ ಇಟ್ಟು ನಾಲ್ಕು ಸಲ ಓಡಿಸಿದೆ. ನಾಲ್ಕನೇ ಸಲವೂ ಎಣ್ಣೆ ತೇಲಿತು. ನವಸಾಗರದ ಕೆಲಸ ಸೋಮವಾರ. ತೊಳೆದ ಸಿಪ್ಪೆ ಒಣಗುವುದೇ ಇಲ್ಲ, ಅಮ್ಮನ ಒಲೆ ಮೇಲಿನ ಅಟ್ಟಕ್ಕೆ ಹಾಕಿ ಬೈಸಿಕೊಂಡಿದ್ದೇನೆ.