ಹೇರ್ ಟ್ರಾನ್ಸ್‌ಪ್ಲಾಂಟ್ ಆಗಿದೆ, ಕೆಲಸ ಪೂರಾ ಬಿಸಿಲಲ್ಲಿ. ತಲೆ ಹೇಗೆ ಕಾಪಾಡಿಕೊಳ್ಳಲಿ?

ಹದ್ದುಬಸ್ತು_ರಾಯಚೂರು:
ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಕಡೆ ಲೈಸೆನ್ಸ್ ಸರ್ವೇಯರ್. ಹೋದ ವಾರ ಬೆಂಗಳೂರಲ್ಲಿ ಎಫ್‌ಯುಇ (ತಲೆಯ ಹಿಂಭಾಗದಿಂದ ಕೂದಲನ್ನು ಬೇರು ಸಮೇತ ತೆಗೆದು ಮುಂದೆ ನೆಡುವ ವಿಧಾನ) ಮಾಡಿಸಿಕೊಂಡು ಬಂದೆ. ಹಣೆಯ ಮೇಲೂ ನಡುನೆತ್ತಿಗೂ ಗ್ರಾಫ್ಟ್, ಅಂದರೆ ಹಾಗೆ ತೆಗೆದ ಕೂದಲ ಬೇರು, ಇಟ್ಟಿದ್ದಾರೆ. ಸಣ್ಣ ಸಣ್ಣ ಹಕ್ಕಳೆ ಕಟ್ಟಿವೆ, ನೋವು ಏನೂ ಇಲ್ಲ. ಚೀಟಿಯಲ್ಲಿ ಬಿಸಿಲಿಗೆ ಹೋಗಬೇಡಿ ಅಂತ ಒಂದೇ ಸಾಲು ಬರೆದಿದ್ದಾರೆ.

ನಮಗೆ ಕೆಲಸದ ಸೀಸನ್ನೇ ಇದು. ಕಟಾವಾಗಿ ಹೊಲ ಖಾಲಿ ಇದ್ದಾಗಲೇ ಪೋಡಿ (ಜಮೀನು ಭಾಗ ಮಾಡೋದು), ಹದ್ದುಬಸ್ತು (ಗಡಿ ಗುರುತಿಸೋದು) ಅರ್ಜಿ ಮುಗಿಸಬೇಕು. ಏಪ್ರಿಲ್‌ನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಹೊಲದಲ್ಲಿ ಒಂದು ಬೇವಿನ ಮರ ಸಿಕ್ಕರೆ ಪುಣ್ಯ. ಜೊತೆಯವರು ಬಿಸಿಲಿಗೆ ಕೂದಲ ಬೇರೇ ಸುಟ್ಟು ಹೋಗುತ್ತೆ ಅಂತಿದ್ದಾರೆ. ಎಷ್ಟು ದಿನ ಮನೆಯಲ್ಲಿ ಕೂರಬೇಕು? ಟವೆಲ್ ಸುತ್ತಿಕೊಂಡು ಹೋಗಬಹುದಾ? ಸನ್‌ಸ್ಕ್ರೀನ್ ಯಾವಾಗಿಂದ ಹಚ್ಚಬಹುದು?

ಕಲ್ಲುಗಣಿ_ಇಳಕಲ್:
ಸರ್, ನಾನು ಇಳಕಲ್ ಕಡೆ ಗ್ರಾನೈಟ್ ಗಣಿಯಲ್ಲಿ ಸೂಪರ್‌ವೈಸರ್. ನಾನೂ ಮಾಡಿಸಿಕೊಂಡವನೇ, ಅದೂ ಬೇಸಿಗೆಗೆ ಸ್ವಲ್ಪ ಮುಂಚೆ. ಅದಕ್ಕೇ ವಿವರವಾಗಿ ಬರೆಯುತ್ತೇನೆ.

ಬೇರು ಸುಡುವ ಭಯ ಬಿಡಿ. ಅದು ಚರ್ಮದೊಳಗೆ ಕೆಲವು ಮಿಲಿಮೀಟರ್ ಆಳದಲ್ಲಿ ಇರುತ್ತದೆ. ಪೆಟ್ಟು ಬೀಳೋದು ಮೇಲಿನ ಚರ್ಮಕ್ಕೆ, ಅದು ಇನ್ನೂ ಮಾಯುತ್ತಿರುವ ಗಾಯ. ಅಲ್ಲಿ ಸುಟ್ಟರೆ ಊತ, ಬೊಬ್ಬೆ ಬರುತ್ತವೆ, ಮಾಯೋದು ತಡ ಆಗುತ್ತದೆ. ಬೊಬ್ಬೆ ಏಳುವಷ್ಟು ಸುಟ್ಟರೆ ಗ್ರಾಫ್ಟ್‌ಗೂ ಒಳ್ಳೆಯದಲ್ಲ. ನಮ್ಮಂಥ ಮೈಬಣ್ಣದವರಿಗೆ ಇನ್ನೊಂದು ಕಾಟ ಇದೆ. ಕೆಂಪಗಿದ್ದ ಜಾಗ ಬಿಸಿಲಿಗೆ ಕಪ್ಪು ಕಲೆಯಾಗಿ ತಿಂಗಳುಗಟ್ಟಲೆ ಉಳಿದುಬಿಡುತ್ತದೆ.

ನೋವು ಇಲ್ಲ ಅಂದಿರಲ್ಲ, ಅದನ್ನು ಮಾತ್ರ ನಂಬಬೇಡಿ. ನೆತ್ತಿ ಈಗ ಜೋಮು ಹಿಡಿದ ಹಾಗಿದೆ ಅಲ್ವಾ? ಆಪರೇಷನ್‌ನಲ್ಲಿ ಚರ್ಮದ ಸಣ್ಣ ನರಗಳಿಗೆ ಏಟಾಗಿರುತ್ತದೆ. ಸ್ಪರ್ಶ ಪೂರ್ತಿ ವಾಪಸ್ ಬರಲು ವಾರಗಳು ಬೇಕು, ಕೆಲವರಿಗೆ ತಿಂಗಳುಗಳೇ ಬೇಕು. ಬೇರೆ ಸಮಯದಲ್ಲಾದರೆ ತಲೆ ಚುರುಗುಟ್ಟಿದಾಗ ನಾವೇ ನೆರಳು ಹುಡುಕುತ್ತೇವೆ. ಈಗ ಆ ಚುರುಕು ಗೊತ್ತೇ ಆಗೋದಿಲ್ಲ. ಹಾಗಾಗಿ ತಲೆ ಹೇಳಲಿ ಅಂತ ಕಾಯಬೇಡಿ, ಗಡಿಯಾರ ನೋಡಿ. 10ರಿಂದ 4ರವರೆಗೆ ಹೊಲ ಬೇಡ. ಮೊಬೈಲ್‌ನ ಹವಾಮಾನ ಆ್ಯಪ್‌ನಲ್ಲಿ ಯುವಿ ಇಂಡೆಕ್ಸ್, ಅಂದರೆ ಚರ್ಮ ಸುಡುವ ಅತಿನೇರಳೆ (ಯುವಿ) ಕಿರಣ ಎಷ್ಟು ಜೋರಿದೆ ಅನ್ನುವ ಅಂಕಿ, ಇರುತ್ತದೆ. 3 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ರಕ್ಷಣೆ ಬೇಕು. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ ಅದು 11ನ್ನೂ ದಾಟುತ್ತದೆ.

ಟವೆಲ್ ಬೇಡವೇ ಬೇಡ. ಗ್ರಾಫ್ಟ್ ಗಟ್ಟಿಯಾಗಿ ಕೂರಲು ಸುಮಾರು 10 ದಿನ ಬೇಕು. ಸುತ್ತುವಾಗ, ಬಿಚ್ಚುವಾಗ ಬಟ್ಟೆ ಹಕ್ಕಳೆಗೆ ಸಿಕ್ಕಿ ಎಳೆಯುತ್ತದೆ. ಅಲ್ಲದೆ ತೆಳು ಬಿಳಿ ಟವೆಲ್ ಬೆವರಿಗೆ ಒದ್ದೆಯಾದರೆ ಯುವಿ ಇನ್ನೂ ಜಾಸ್ತಿ ಒಳಗೆ ಬಿಡುತ್ತದೆ.

ಮೊದಲ ಎರಡು ವಾರ ಆದಷ್ಟು ಮನೆ, ಆಫೀಸ್ ಅಂತಲೇ ಇರಿ. ಸ್ಕೆಚ್, ಕಡತದ ಕೆಲಸ ಈಗ ಮಾಡಿ. ಬೆವರೂ ಈಗ ಒಳ್ಳೆಯದಲ್ಲ. ಹೊರಗೆ ಹೋಗಲೇಬೇಕಾದರೆ ಛತ್ರಿಯಷ್ಟು ಒಳ್ಳೆಯದು ಇನ್ನೊಂದಿಲ್ಲ, ಅದು ತಲೆಗೆ ತಾಗುವುದೇ ಇಲ್ಲ. ಅಳತೆಯ ಯಂತ್ರ ಟೋಟಲ್ ಸ್ಟೇಷನ್‌ಗೆ ನೆರಳು ಮಾಡಲು ನೆಲಕ್ಕೆ ಊರುವ ದೊಡ್ಡ ಛತ್ರಿ ನಿಮ್ಮ ಹತ್ತಿರ ಇರಬೇಕಲ್ಲ? ಅದರಡಿ ನೀವೂ ನಿಂತುಕೊಳ್ಳಿ. ರೋವರ್ (ಉಪಗ್ರಹದ ನೆರವಿನಿಂದ ಅಳೆಯುವ ಸಾಧನ) ಕೋಲು ಹಿಡಿದು ಬದುವಿನ ಮೇಲೆ ನಡೆಯುವ ಕೆಲಸ ಸಹಾಯಕರಿಗೆ ಕೊಡಿ.

ಆಮೇಲೆ ಟೋಪಿ. ಕ್ರಿಕೆಟ್‌ನವರು ಹಾಕುವ ಕ್ಯಾಪ್ ತಗೋಬೇಡಿ. ಅದರ ಪಟ್ಟಿ ಸರಿಯಾಗಿ ಹಣೆಯ ಗ್ರಾಫ್ಟ್ ಮೇಲೆಯೇ ಒತ್ತುತ್ತದೆ. ಹಿಂದೆ ಕೂದಲು ತೆಗೆದ ಜಾಗವೂ ಬಯಲಾಗಿ ಉಳಿಯುತ್ತದೆ. ಆ ಜಾಗವನ್ನು ಎಲ್ಲರೂ ಮರೆಯುತ್ತಾರೆ, ಅಲ್ಲೂ ನೂರಾರು ಸಣ್ಣ ಗಾಯ ಇವೆ. ಸುತ್ತಲೂ ಅಂಚಿರುವ, ನಿಮ್ಮ ಅಳತೆಗಿಂತ ದೊಡ್ಡದಾದ ಒತ್ತು ನೇಯ್ಗೆಯ ಹತ್ತಿ ಟೋಪಿ ತಗೊಳ್ಳಿ. ಯಾವ ದಿನದಿಂದ ಹಾಕಬಹುದು ಅಂತ ನಿಮ್ಮ ಡಾಕ್ಟರನ್ನೇ ಕೇಳಿ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹಾಕುವಾಗ ಎರಡೂ ಕೈಯಿಂದ ಮೇಲಿನಿಂದ ನೇರ ಇಳಿಸಿ, ತೆಗೆಯುವಾಗ ನೇರ ಎತ್ತಿ. ಮುಂದಿನಿಂದ ಹಿಂದಕ್ಕೆ ಎಳೆಯಬೇಡಿ.

ನಿಜವಾದ ಪರೀಕ್ಷೆ ಇರೋದು ಮುಂದೆ. 2ರಿಂದ 6 ವಾರದ ಒಳಗೆ ನೆಟ್ಟ ಕೂದಲು ಬಹುಪಾಲು ಉದುರುತ್ತದೆ. ಬಿಸಿಲಿಗೇ ಉದುರಿತು ಅಂತ ಆಗ ಜೊತೆಯವರು ಹೇಳುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಬೇರು ಒಳಗೇ ಇರುತ್ತದೆ, 3–4 ತಿಂಗಳಿಗೆ ಕೂದಲು ಮತ್ತೆ ಹೊರಗೆ ಬರುತ್ತದೆ. ಆದರೆ ಅಲ್ಲಿಯವರೆಗೆ ನೆತ್ತಿ ಬೋಳು. ಹಕ್ಕಳೆ ಹೋಯಿತು, ಗಾಯ ಮಾಯಿತು ಅಂತ ಜನ ಟೋಪಿ ಬಿಡೋದು ಸರಿಯಾಗಿ ಇದೇ ಹೊತ್ತಿಗೆ. ಕನಿಷ್ಠ ಮೂರು ತಿಂಗಳು ಟೋಪಿ ಬಿಡಬೇಡಿ.

ಚರ್ಮದ_ದಾದಿ_ಹುಬ್ಬಳ್ಳಿ:
ಮೇಲಿನ ಅಣ್ಣ ಚೆನ್ನಾಗಿ ಹೇಳಿದ್ದಾರೆ. ನಾನು ಚರ್ಮದ ವಿಭಾಗದಲ್ಲಿ ನರ್ಸ್, ಸನ್‌ಸ್ಕ್ರೀನ್ ಬಗ್ಗೆ ಹೇಳುತ್ತೇನೆ. ಹಕ್ಕಳೆ ಪೂರ್ತಿ ಹೋಗಿ ಚರ್ಮ ಮುಚ್ಚಿಕೊಳ್ಳುವ ತನಕ ಏನೂ ಹಚ್ಚಬೇಡಿ. ಸಾಮಾನ್ಯವಾಗಿ ಒಂದು ತಿಂಗಳು ಆದಮೇಲೆ, ಡಾಕ್ಟರ್ ನೋಡಿ ಹ್ಞೂಂ ಅಂದಮೇಲೆ ಶುರು ಮಾಡಿ. ಎಸ್‌ಪಿಎಫ್ (ಬಿಸಿಲಿನಿಂದ ಕಾಪಾಡುವ ಅಳತೆ) 30 ಅಥವಾ 50, ಯುವಿಎ ಮತ್ತು ಯುವಿಬಿ ಅನ್ನುವ ಎರಡೂ ಬಗೆಯ ಯುವಿ ಕಿರಣ ತಡೆಯುವಂಥದ್ದು ಇರಲಿ. ಜಿಂಕ್ ಆಕ್ಸೈಡ್ ಇರುವುದು ಉರಿ ಕಮ್ಮಿ. ಬೆವರುವ ಕೆಲಸ ಆದ್ದರಿಂದ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಸಂಜೆ ಮೈಲ್ಡ್ ಶಾಂಪೂ ಹಾಕಿ ತೊಳೆಯಿರಿ. ಸನ್‌ಸ್ಕ್ರೀನ್ ಹಚ್ಚಿದರೂ ಟೋಪಿ ಇರಲೇಬೇಕು.

ನಿಮ್ಮ ಚೀಟಿಯಲ್ಲಿ ಡಾಕ್ಸಿಸೈಕ್ಲಿನ್ ಅಂತ ಇದೆಯಾ ನೋಡಿ. ಆ ಆ್ಯಂಟಿಬಯಾಟಿಕ್ ತಗೊಳ್ಳುವಾಗ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಮುಖ, ಕೈ ಕೂಡ. ನೆತ್ತಿ ಸುಟ್ಟು ಕೆಂಪಾಗಿದ್ದರೆ ಕೂದಲು ಬೆಳೆಯಲು ಹಚ್ಚುವ ಮಿನಾಕ್ಸಿಡಿಲ್ ಹಚ್ಚಬೇಡಿ, ಔಷಧ ಜಾಸ್ತಿ ಒಳಗೆ ಇಳಿಯುತ್ತದೆ. ಸುಟ್ಟಿದ್ದಕ್ಕೆ ಅಂತ ಕೊಬ್ಬರಿ ಎಣ್ಣೆ, ಲೋಳೆಸರ ಸುಮ್ನೆ ಮೆತ್ತಬೇಡಿ. ಕೆಂಪು ಹರಡುತ್ತಾ ಹೋದರೆ, ಕೀವು ಅಥವಾ ಜ್ವರ ಬಂದರೆ ಅದೇ ದಿನ ಡಾಕ್ಟರ್‌ಗೆ ತೋರಿಸಿ.

ಹದ್ದುಬಸ್ತು_ರಾಯಚೂರು:
ಇಬ್ಬರಿಗೂ ತುಂಬಾ ಧನ್ಯವಾದ. ಚೀಟಿ ನೋಡಿದೆ ಮೇಡಂ, ಡಾಕ್ಸಿಸೈಕ್ಲಿನ್ ಇದೆ! ನೆತ್ತಿ ಮರಗಟ್ಟಿರೋದೂ ನಿಜ. ಈ ವಾರದ ಅಳತೆ ಮುಂದಕ್ಕೆ ಹಾಕಲು ರೈತರಿಗೆ ಫೋನ್ ಮಾಡುತ್ತೇನೆ. ಇನ್ನೊಂದು ವಿಷಯ. ಹಳ್ಳಿಗಳಿಗೆ ಬೈಕ್‌ನಲ್ಲೇ ಹೋಗಬೇಕು, ಹೆಲ್ಮೆಟ್ ಏನು ಮಾಡಲಿ?

ಕಲ್ಲುಗಣಿ_ಇಳಕಲ್:
ಹೆಲ್ಮೆಟ್ ಉಜ್ಜುತ್ತದೆ, ಇಲ್ಲದೆ ಬೈಕ್ ಹತ್ತೋದು ಇನ್ನೂ ಅಪಾಯ. ಡಾಕ್ಟರ್ ಹೆಲ್ಮೆಟ್‌ಗೆ ಒಪ್ಪುವ ತನಕ ಬೈಕೇ ಬೇಡ ಸರ್. ನಾನು ಅಷ್ಟು ದಿನ ಬಸ್‌ನಲ್ಲಿ ಓಡಾಡಿದೆ. ಬಿಸಿಲು ಬೀಳದ ಕಡೆಯ ಸೀಟು ನೋಡಿ ಕೂತುಕೊಳ್ಳಿ. ಕಿಟಕಿ ಗಾಜು ಹಾಕಿದ್ದರೂ ಯುವಿಎ ಒಳಗೆ ಬರುತ್ತದೆ.