ಕತ್ತಿ ಕಲಿತರೆ ಝೆನ್ ಸಿಗುತ್ತಾ? ಜಪಾನಿನಲ್ಲಿ ಕಲಿತವರು ಸ್ವಲ್ಪ ಹೇಳಿ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನು ಟೋಕಿಯೊ ಪಕ್ಕದ ಕವಾಸಾಕಿಗೆ ಬಂದು ಎರಡು ವರ್ಷ ಆಯಿತು. ವಯಸ್ಸು 41, ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೆಲಸ. ಈಚೆಗೆ ಝೆನ್ (ಧ್ಯಾನಕ್ಕೆ ಒತ್ತು ಕೊಡುವ ಬೌದ್ಧ ಪಂಥ) ಬಗ್ಗೆ ಓದುತ್ತಿದ್ದೇನೆ. ಎಲ್ಲಿ ನೋಡಿದರೂ ಸಮುರಾಯ್, ಕತ್ತಿ, ಝೆನ್ ಮೂರೂ ಜೊತೆಜೊತೆಗೇ ಬರುತ್ತವೆ. ಹಾಗಾಗಿ ಕತ್ತಿ ಕಲಿಯಲು ಸೇರೋಣ ಅನ್ನಿಸಿದೆ. ಬಿದಿರು ಕತ್ತಿಯಲ್ಲಿ ಎದುರಾಳಿ ಜೊತೆ ಆಡುವ ಕೆಂಡೊ ಒಳ್ಳೆಯದಾ, ಒಬ್ಬರೇ ಕತ್ತಿ ಸೆಳೆದು ಬೀಸುವ ಇಯಾಯ್ಡೊನಾ, ಇಲ್ಲಾ ಹಳೇ ಪರಂಪರೆಯ ಶಾಲೆಗಳಾ? ಅಲ್ಲಿ ನಿಜಕ್ಕೂ ಝೆನ್ ಹೇಳಿಕೊಡುತ್ತಾರಾ? ಬಲಮಂಡಿ ಆಗಾಗ ನೋಯುತ್ತದೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಂಡು ಹೇಳಿ.

ಯೊಕೊಹಾಮಾದಿಂದ, ಕೆಂಡೊ, ಏಳು ವರ್ಷ:
ಮೊದಲೇ ಹೇಳಿಬಿಡುತ್ತೇನೆ ಸರ್. ಈ ಏಳು ವರ್ಷದಲ್ಲಿ ನಮ್ಮ ಸೆನ್ಸೈ (ಗುರುಗಳ) ಬಾಯಲ್ಲಿ ಝೆನ್ ಅನ್ನುವ ಪದ ಎರಡು ಸಲ ಕೇಳಿದ್ದರೆ ಹೆಚ್ಚು. ‘ಎಡಗೈ, ಎಡಗೈ’ ಅನ್ನುವುದನ್ನು ಲೆಕ್ಕ ಇಟ್ಟವರಿಲ್ಲ. ಕ್ಲಾಸಿನ ಮೊದಲಿಗೂ ಕೊನೆಗೂ ‘ಮೊಕುಸೊ’ ಅಂತ ಕೂಗುತ್ತಾರೆ. ಮಂಡಿಯೂರಿ ಕೂತು, ಅಂಗೈಗಳನ್ನು ಬೊಗಸೆಯ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಸುಮ್ಮನಿರಬೇಕು. ಒಂದು ನಿಮಿಷ ಇದ್ದರೆ ಜಾಸ್ತಿ. ಅಷ್ಟರಲ್ಲಿ ನನಗೆ ನೆನಪಾಗುವುದು ಮನೆಗೆ ಹಾಲು ತರಬೇಕು ಅನ್ನುವುದು.

ಆದರೂ ಒಂದು ಅನುಭವ ಹೇಳಲೇಬೇಕು. ಮೂರನೇ ವರ್ಷ ಒಂದು ಸಣ್ಣ ಪಂದ್ಯ. ಎದುರಾಳಿ ಶಿನಾಯ್ ಎತ್ತುವ ಮೊದಲೇ ನನ್ನ ಏಟು ಅವನ ತಲೆಗೆ ಬಿತ್ತು. ಶಿನಾಯ್ ಅಂದರೆ ನಾಲ್ಕು ಬಿದಿರು ಪಟ್ಟಿ ಜೋಡಿಸಿ ಕಟ್ಟಿದ ಕತ್ತಿ. ಮೂವರು ರೆಫರಿಗಳ ಬಾವುಟವೂ ಮೇಲೆದ್ದವು. ನಾನು ಖುಷಿಗೆ ಮುಷ್ಟಿ ಎತ್ತಿದೆ. ರೆಫರಿಗಳು ಕೂಡಿ ಏನೋ ಮಾತಾಡಿದರು, ಮುಖ್ಯ ರೆಫರಿ ಬಾವುಟಗಳನ್ನು ಕೆಳಗೆ ಅಡ್ಡಡ್ಡ ಆಡಿಸಿದರು. ಪಾಯಿಂಟ್ ಹೋಯಿತು! ಏಟು ಬಿದ್ದ ಮೇಲೂ ಎಚ್ಚರ ಉಳಿದಿರಬೇಕು, ಅದಕ್ಕೆ ಝಾನ್‌ಶಿನ್ ಅನ್ನುತ್ತಾರೆ. ಅದಿಲ್ಲದ ಏಟು ಏಟೇ ಅಲ್ಲ. ಆವತ್ತು ಸಿಟ್ಟು ಬಂದಿತ್ತು. ಈಗ ಆಫೀಸಿನಲ್ಲಿ ಮೇಲ್ ಕಳಿಸಿದ ಮರುಕ್ಷಣ ಕುರ್ಚಿಗೆ ಒರಗುವಾಗ ಆ ಬಾವುಟ ನೆನಪಾಗುತ್ತದೆ.

ಮಂಡಿ ವಿಷಯಕ್ಕೆ ಬಂದರೆ, ಕೆಂಡೊದಲ್ಲಿ ಹಿಂದಿನ ಎಡಗಾಲಲ್ಲಿ ಒದ್ದು ಚಿಮ್ಮಿ ಬಲಗಾಲನ್ನು ನೆಲಕ್ಕೆ ಧಡ್ ಅಂತ ಇಡಬೇಕು. ನಿಮಗೆ ನೋವಿರುವುದೂ ಬಲಗಾಲೇ. ಯೋಚನೆ ಮಾಡಿ.

ಕ್ಯೋಟೊದಿಂದ, ಇಯಾಯ್ಡೊ, ನಾಲ್ಕು ವರ್ಷ:
ನಾನು ಇಯಾಯ್ಡೊ ಕಡೆಯವಳು. ಇಲ್ಲಿ ಎದುರಾಳಿ ಇರುವುದಿಲ್ಲ. ಇದ್ದಾನೆ ಅಂದುಕೊಂಡು ಒರೆಯಿಂದ ಕತ್ತಿ ಸೆಳೆದು, ಕಡಿದು, ರಕ್ತ ಒದರಿ, ಮತ್ತೆ ಒರೆಗೆ ಸೇರಿಸಬೇಕು. ಜಪಾನಿನ ಕೆಂಡೊ ಫೆಡರೇಶನ್ನಿನ ಇಯಾಯ್ಡೊ ಪಾಠದಲ್ಲಿ 12 ಕತಾ (ಗೊತ್ತುಪಡಿಸಿದ ಚಲನೆಗಳ ಸರಣಿ) ಇವೆ. ಮೊದಲ ಮೂರು ಮಂಡಿಯೂರಿ ಕೂತಲ್ಲಿಂದಲೇ ಶುರು.

ಕಡಿಯುವುದು ಸುಲಭ, ಒರೆಗೆ ಹಾಕುವುದು ಕಷ್ಟ. ಒರೆಯ ಬಾಯನ್ನು ಎಡಗೈ ಬೆರಳುಗಳಲ್ಲಿ ಸುತ್ತಿ ಹಿಡಿದು, ಕತ್ತಿಯ ಬೆನ್ನನ್ನು ಹೆಬ್ಬೆರಳು ತೋರುಬೆರಳ ಸಂದಿನಲ್ಲಿ ಜಾರಿಸಿಕೊಂಡು ಹೋಗಿ, ತುದಿಯನ್ನು ನೋಡದೆ ಒಳಗೆ ಬಿಡಬೇಕು. ಕಣ್ಣು ಮಾತ್ರ ಕೆಳಗೆ ಬಿದ್ದ ಎದುರಾಳಿಯ ಮೇಲೇ ಇರಬೇಕು. ನಮ್ಮ ಕತ್ತಿಗೆ ಮೊನೆ ಇದ್ದರೂ ಅಲಗು ಹರಿತ ಇಲ್ಲ. ಆದರೂ ಮೊದಲ ವರ್ಷ ಅಂಗೈಗೆ ಎಷ್ಟು ಸಲ ಚುಚ್ಚಿಕೊಂಡೆನೋ. ‘ಇನ್ನೇನು ಮುಗೀತು’ ಅಂದುಕೊಂಡಾಗಲೇ ಚುಚ್ಚುತ್ತದೆ, ಅದೇ ಮಜಾ.

ಇನ್ನು ಝೆನ್ ನಂಟು. ಅದು ಸುಳ್ಳಲ್ಲ. ತಾಕುವಾನ್ ಸೊಹೊ (1573–1645) ಅನ್ನುವ ಝೆನ್ ಸನ್ಯಾಸಿ, ಶೋಗನ್‌ಗೆ (ಆಗ ದೇಶ ಆಳುತ್ತಿದ್ದ ಸೇನಾಧಿಪತಿಗೆ) ಕತ್ತಿ ಕಲಿಸುತ್ತಿದ್ದ ಯಾಗ್ಯೂ ಮುನೆನೊರಿಗೆ ಬರೆದ ಒಂದು ದೊಡ್ಡ ಪತ್ರ ಇದೆ. ಎದುರಾಳಿಯ ಕತ್ತಿಯ ಮೇಲೆ ಮನಸ್ಸು ನಿಂತರೆ ಆ ಕತ್ತಿಗೇ ಸಿಕ್ಕಿಬೀಳುತ್ತೀಯ, ನಿನ್ನ ಕತ್ತಿಯ ಮೇಲೆ ನಿಂತರೆ ಅಲ್ಲಿಗೇ ಸಿಕ್ಕಿಬೀಳುತ್ತೀಯ ಅನ್ನುತ್ತಾನೆ. ಹಾಗಾದರೆ ಮನಸ್ಸನ್ನು ಎಲ್ಲಿಡುವುದು? ಎಲ್ಲೂ ಇಡಬೇಡ ಅಂತ. ಅವನು ಹೇಳುವ ಅಚಲ ಮನಸ್ಸು ಅಂದರೆ ಕಲ್ಲಿನ ಹಾಗೆ ಕೂರುವುದಲ್ಲ, ಎಲ್ಲೂ ತಂಗದೆ ಹರಿಯುವುದು. ಸ್ಥಾವರ ಅಲ್ಲ, ಜಂಗಮ ಅನ್ನಿ. ಅವನು ಕೊಡುವ ಉದಾಹರಣೆ ಸಾವಿರ ಕೈಯ ಕನ್ನೊನ್. ಒಂದು ಕೈಯಲ್ಲಿ ಮನಸ್ಸು ನಿಂತುಬಿಟ್ಟರೆ ಉಳಿದ 999 ಕೈ ದಂಡ. ಕನ್ನೊನ್ ಅಂದರೆ ಅವಲೋಕಿತೇಶ್ವರ, ಮಂಗಳೂರಿನ ಕದ್ರಿಯ ಕಂಚಿನ ಲೋಕೇಶ್ವರನನ್ನು ನೋಡಿದವರಿಗೆ ಹತ್ತಿರದವನೇ. ಇಲ್ಲಿನ ಸಂಜೂಸಂಗೆಂದೊ ದೇವಾಲಯದಲ್ಲಿ ಅಂಥ 1001 ಮೂರ್ತಿಗಳು ಸಾಲಾಗಿ ನಿಂತಿವೆ. ಕ್ಯೋಟೊಗೆ ಬಂದಾಗ ನೋಡಿ. ಯಾವ ಮೂರ್ತಿ ನೋಡಲಿ ಅಂತ ಕಣ್ಣು ತಡಕಾಡುತ್ತದಲ್ಲ, ಆಗ ಪತ್ರ ಅರ್ಥ ಆಗುತ್ತದೆ.

ನೀವು ಕವಾಸಾಕಿ ಅಂದಿರಿ. ರೈಲಿನಲ್ಲಿ ಹತ್ತು ನಿಮಿಷ ಹೋದರೆ ಶಿನಾಗಾವಾ, ತಾಕುವಾನ್‌ನ ಸಮಾಧಿ ಅಲ್ಲೇ. ಕೆತ್ತನೆ ಏನೂ ಇಲ್ಲ, ಒಂದು ದುಂಡುಕಲ್ಲು, ಅಷ್ಟೇ. ಬೆಂತೊ ಊಟದ ಡಬ್ಬಿಯಲ್ಲಿ ಬರುವ ಹಳದಿ ಮೂಲಂಗಿ ಉಪ್ಪಿನಕಾಯಿ ತಾಕುವಾನ್‌ಗೂ ಇವನದೇ ಹೆಸರು ಅನ್ನುತ್ತಾರೆ.

ಚಿಬಾದಿಂದ, ಹಳೇ ಪರಂಪರೆಯ ಶಾಲೆಗಳ ಬಗ್ಗೆ ಆಸಕ್ತಿ:
ಅಕ್ಕ ಹೇಳಿದ್ದು ಸರಿ, ಆದರೆ ಒಂದು ಪತ್ರ ಇಟ್ಟುಕೊಂಡು ಕತ್ತಿ ಅಂದರೆ ಝೆನ್ ಅನ್ನಬಾರದು. ನಮ್ಮ ಚಿಬಾದ ಕಾತೊರಿ ಶಿಂತೊ ರ್ಯೂ ಅನ್ನುವ ಶಾಲೆ 15ನೇ ಶತಮಾನದ್ದು. ಈಗಲೂ ನಡೆಯುತ್ತಿರುವ ಕತ್ತಿ ಪರಂಪರೆಗಳಲ್ಲಿ ತುಂಬಾ ಹಳೆಯದು. ಅದರ ದೇವರು ಕಾತೊರಿ ಶ್ರೈನ್‌ನ ದೇವರು. ಅಲ್ಲಿ ಬೆರಳುಗಳ ಮುದ್ರೆ, ಮಂತ್ರ, ಬೌದ್ಧ ದೇವತೆ ಮಾರೀಚಿಯ ಆರಾಧನೆ ಎಲ್ಲಾ ಇವೆ. ಅದು ತಾಂತ್ರಿಕ ಬೌದ್ಧ ಧರ್ಮದ ಕಡೆಯದು, ಝೆನ್ ಅಲ್ಲ. ಸೇರುವವರು ಬೆರಳಿನ ರಕ್ತ ಒತ್ತಿ ಪ್ರಮಾಣ ಮಾಡುವ ಪದ್ಧತಿ. ಇನ್ನು ಎಲ್ಲರೂ ಎಳೆದು ತರುವ ಹೆಸರಾಂತ ಕತ್ತಿಗಾರ ಮಿಯಾಮೊತೊ ಮುಸಾಶಿ 1643ರಲ್ಲಿ ತನ್ನ ವಿದ್ಯೆ ಬರೆಯಲು ಕೂತಾಗ, ಬುದ್ಧನ ಮಾತನ್ನೂ ಕನ್‌ಫ್ಯೂಶಿಯಸ್ ಮಾತನ್ನೂ ಎರವಲು ತರುವುದಿಲ್ಲ ಅಂತ ಶುರುವಿನಲ್ಲೇ ಹೇಳಿಬಿಟ್ಟ.

ಇನ್ನೊಂದು ಮಾತು, ಕಹಿ ಅನ್ನಿಸಬಹುದು. ‘ಮನಸ್ಸು ಖಾಲಿ ಮಾಡಿ ಕಡಿ’ ಅನ್ನುವುದನ್ನು ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಸೈನಿಕರಿಗೂ ಹೇಳಿಕೊಟ್ಟರು. ಎಷ್ಟೋ ಝೆನ್ ಗುರುಗಳು ಯುದ್ಧದ ಪರ ನಿಂತಿದ್ದರು. 1945ರ ನಂತರ ಅಮೆರಿಕದವರು ಕೆಂಡೊಗೆ ಕಡಿವಾಣ ಹಾಕಿದ್ದು ಸುಮ್ನೆ ಅಲ್ಲ. ಈಗಿನ ಕೆಂಡೊ ಫೆಡರೇಶನ್ ಹುಟ್ಟಿದ್ದು 1952ರಲ್ಲಿ.

ಟೋಕಿಯೊದಿಂದ, ಕತ್ತಿ ಬಿಟ್ಟು ಝಾಝೆನ್‌ಗೆ (ಕೂತು ಮಾಡುವ ಝೆನ್ ಧ್ಯಾನಕ್ಕೆ) ಹೋದವನು:
ಚಿಬಾದವರು ಕೊಟ್ಟ ಏಟು ಚೆನ್ನಾಗಿದೆ. ಆದರೆ ಕತ್ತಿಗಾರನೂ ಝೆನ್ ಸಾಧಕನೂ ಆಗಿದ್ದ ಯಾಮಾವೊಕಾ ತೆಶ್ಶೂನನ್ನು (1836–1888) ಬಿಟ್ಟರಲ್ಲ! ಅವನಿಗೆ ಅಸಾರಿ ಅನ್ನುವ ಕತ್ತಿಗಾರನನ್ನು ಗೆಲ್ಲಲು ಆಗಲೇ ಇಲ್ಲ. ಕಣ್ಣು ಮುಚ್ಚಿದರೂ ಆ ಅಸಾರಿಯೇ ಬೆಟ್ಟದ ಹಾಗೆ ಎದುರು ನಿಲ್ಲುತ್ತಿದ್ದನಂತೆ. ವರ್ಷಗಟ್ಟಲೆ ಕತ್ತಿ ಬೀಸಿದ, ಝೆನ್ ಗುರುಗಳ ಹತ್ತಿರ ಕೂತ. ಕೊನೆಗೆ ದಾರಿ ತೋರಿಸಿದ್ದು ಒಬ್ಬ ವ್ಯಾಪಾರಿಯ ಮಾತು ಅನ್ನುತ್ತಾರೆ. ಲಾಭ ನಷ್ಟದ ಲೆಕ್ಕ ಹಾಕುತ್ತಾ ಕೂತಾಗಲೆಲ್ಲ ವ್ಯವಹಾರ ಕೈಕೊಟ್ಟಿತು, ಒಮ್ಮೆ ತೀರ್ಮಾನ ಮಾಡಿ ಲೆಕ್ಕ ಬಿಟ್ಟಾಗ ಕುದುರಿತು ಅಂತ ಅವನು ಸುಮ್ನೆ ಹರಟೆಗೆ ಹೇಳಿದ್ದು. 1880ರ ಮಾರ್ಚ್ ಕೊನೆಯ ಒಂದು ಬೆಳಗ್ಗೆ ಅಸಾರಿಯ ಆ ಚಿತ್ರ ಮಾಯವಾಯಿತು.

ತೆಶ್ಶೂ ಕಟ್ಟಿಸಿದ ಝೆನ್‌ಶೋಆನ್ ದೇವಾಲಯ ಟೋಕಿಯೊದ ಯಾನಾಕಾದಲ್ಲಿದೆ, ಹೊರಗಿನವರಿಗೂ ಅಲ್ಲಿ ಝಾಝೆನ್ ನಡೆಯುತ್ತದೆ. ನನ್ನ ಸಲಹೆ ಇಷ್ಟೇ: ಝೆನ್ ಬೇಕಿದ್ದರೆ ಅಲ್ಲಿಗೆ ಹೋಗಿ ಗೋಡೆ ನೋಡಿಕೊಂಡೋ ನೆಲ ನೋಡಿಕೊಂಡೋ ಕೂರಿ. ಕತ್ತಿ ಬೇಕಿದ್ದರೆ ಕತ್ತಿ ಕಲಿಯಿರಿ. ನಾನು ಎರಡನ್ನೂ ಒಂದೇ ಕಡೆ ಹುಡುಕಿ, ಝೆನ್ ಮಾತೇ ಜಾಸ್ತಿ ಇದ್ದ ಒಂದು ಡೋಜೊಗೆ (ಅಭ್ಯಾಸದ ಶಾಲೆಗೆ) ದುಡ್ಡು ಕಟ್ಟಿ ಎಂಟು ತಿಂಗಳು ಕಳೆದೆ. ಭಾಷಣ ಕಲಿತೆ, ಸೊಂಟ ತಿರುಗಿಸುವುದು ಕಲಿಯಲಿಲ್ಲ. ನಿಮ್ಮ ವಾರ್ಡಿನ ಸರ್ಕಾರಿ ಜಿಮ್‌ನಲ್ಲಿ ವಿಚಾರಿಸಿ, ಕಡಿಮೆ ಫೀಸಿನಲ್ಲಿ ಕ್ಲಾಸ್ ಇರುತ್ತವೆ. ಮೊದಲ ದಿನ ಸುಮ್ನೆ ಮೂಲೆಯಲ್ಲಿ ಕೂತು ನೋಡಿ. ಕತ್ತಿ ಕೊಳ್ಳಲು ಅವಸರ ಬೇಡ, ಹೊಸಬರಿಗೆ ಡೋಜೊದಲ್ಲೇ ಮರದ ಕತ್ತಿ ಕೊಡುತ್ತಾರೆ.

ಪ್ರಶ್ನೆ ಕೇಳಿದವರು, ಮೂರು ವಾರದ ನಂತರ:
ಎಲ್ಲರಿಗೂ ಥ್ಯಾಂಕ್ಸ್. ಇಯಾಯ್ಡೊ ಕ್ಲಾಸ್ ನೋಡಿ ಬಂದು ಸೇರಿಬಿಟ್ಟೆ. ಮೊದಲ ದಿನ ಕತ್ತಿ ಮುಟ್ಟಲೇ ಇಲ್ಲ. ಒದ್ದೆ ಬಟ್ಟೆ ಕೊಟ್ಟು ನೆಲ ಒರೆಸಲು ಹೇಳಿದರು. ನನ್ನ ಪಕ್ಕದಲ್ಲಿ ಒರೆಸುತ್ತಿದ್ದವರು ಎಪ್ಪತ್ತು ದಾಟಿದ ಏಳನೇ ದಾನ್ (ದರ್ಜೆಯ) ಅಜ್ಜ. ಆಮೇಲೆ ಕೂರುವುದು, ಏಳುವುದು, ಅಷ್ಟೇ ಒಂದು ಗಂಟೆ. ಮಂಡಿ ಮಾತ್ರ ಬೊಬ್ಬೆ ಹೊಡೆಯುತ್ತಿದೆ. ಪ್ಯಾಡ್ ಹಾಕಿಕೊಂಡರೆ ತಪ್ಪು ತಿಳಿಯುತ್ತಾರಾ?

ಕ್ಯೋಟೊದಿಂದ:
ಹಾಕಿಕೊಳ್ಳಿ ಸರ್. ಹಾಕಮಾ (ನೆರಿಗೆಯ ಅಗಲ ಪ್ಯಾಂಟ್) ಒಳಗೆ ಯಾರಿಗೂ ಕಾಣಿಸುವುದಿಲ್ಲ. ಆ ಅಜ್ಜನ ಮಂಡಿಯನ್ನೂ ಒಮ್ಮೆ ವಿಚಾರಿಸಿ ನೋಡಿ.